ಸೋಮವಾರ ಒಲ್ಲೆ ಎಂದ ಫ್ಲಾಪಿ

ಇಂಡಿ ಊರಿನಿಂದ ರಫೀಕ್ ಎನ್ನುವವರು ಸಿಂದಗಿಯ ನಮ್ಮ ಕಂಪ್ಯೂಟರ್ ಸೆಂಟರಿಗೆ ಬಂದು, ನಮ್ಮ ಸಾಫ್ಟ್‌ವೇರನ್ನು ಅರ್ಧ ದಿನ ಹಿಂದೆ ಮುಂದೆ ಮಾಡಿ ನೋಡಿ, ಕೊನೆಗೆ ಕೇಳಿದ್ದು ಅದರೊಳಗಿನ ಒಂದು ಚಿಕ್ಕ ತುಂಡನ್ನು ಮಾತ್ರ.

ಆ ತುಂಡನ್ನು ಬರೆದವಳು ನಾನು.

ಎರಡು ಸಾವಿರದ ಇಸವಿಯ ಆಚೀಚಿನ ಮಾತಿದು. ಸೆಂಟರ್ ನಡೆಸುತ್ತಿದ್ದವರು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಗಿರಿಜಾ. ನಾನು ಅವರ ಜೊತೆಗೆ ಕೆಲಸ ಮಾಡುತ್ತಿದ್ದೆ... ಊರವರ ಬಾಯಲ್ಲಿ ಬರೀ "ಗಿರಿಜಾ ಮೇಡಂ ನಾದಿನಿ". ನನಗೆ ಸವಿತಾ ಅಂತ ಒಂದು ಹೆಸರಿದೆ ಎನ್ನುವುದು ಯಾರಿಗೂ ಬೇಕಾಗಿರಲಿಲ್ಲ.

ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿಗಳಿಗೆ ಅಂತ ಒಂದು ಸಾಫ್ಟ್‌ವೇರ್ ಮಾಡಿದ್ದೆವು. ರೈತರು ಮಾಲನ್ನು ಯಾವತ್ತು ತರಬೇಕು ಎಂದು ಹೇಳುವ ಭಾಗ ನನ್ನದು. ಅಮಾವಾಸ್ಯೆ ಬಿಟ್ಟು, ಹಬ್ಬ ಬಿಟ್ಟು, ಸಂತೆಯ ಗದ್ದಲ ಬಿಟ್ಟು, ಅನುಕೂಲವಾದ ಮುಂದಿನ ತಾರೀಖನ್ನು ಅದು ತೆಗೆದುಕೊಡುತ್ತಿತ್ತು.

ಸಣ್ಣ ಕೋಡ್. ಆದರೆ ನನಗೆ ಅದರ ಮೇಲೆ ಬಹಳ ಜೀವ.

ರಫೀಕ್ ಅವರೂ ನಮ್ಮ ಹಾಗೇ ಪ್ರೋಗ್ರಾಮ್ ಬರೆಯುವವರು. ಇಂಡಿಯ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರಿಗೆ ಒಂದನ್ನು ಮಾಡುತ್ತಿದ್ದರು. "ಉಳದದ್ದೆಲ್ಲಾ ನಾನ ಮಾಡೇನ್ರಿ. ಈ ತಾರೀಖಿಂದು ಅಷ್ಟ ಬ್ಯಾರೆ ಲೈಬ್ರರಿ ಮಾಡಿ ಕೊಡ್ರಿ, ಜೋಡಿಸ್ಕೋತೇನಿ" ಎಂದರು.

ಲೈಬ್ರರಿ ಅಂದರೆ ಪುಸ್ತಕದ್ದಲ್ಲ. ಯಾವ ಪ್ರೋಗ್ರಾಮಿಗೆ ಬೇಕಾದರೂ ಜೋಡಿಸಿಕೊಳ್ಳಬಹುದಾದ ಬಿಡಿ ಭಾಗ.

ಅವರು ಬಸ್ಸು ಹತ್ತಿದ ಮೇಲೆ ಶುರುವಾಯಿತು ನೋಡಿ, ವೈನಿಯ ಮತ್ತು ನನ್ನ ಜಗ್ಗಾಟ.

"ಇಷ್ಟು ಸಣ್ಣದಕ್ಕ ಬ್ಯಾರೆ ಫ್ಲಾಪಿ ಯಾಕ? ನಾಳೆ ನಾವು ಇಲ್ಲಿ ಏನರೆ ಬದಲಿ ಮಾಡಿದ್ರ ಅಲ್ಲಿಗೂ ಕಳಸಬೇಕು. ಅದರ ಚಾಕರಿ ಯಾರು ಮಾಡ್ತಾರ?" ಎಂದರು ವೈನಿ.

ಮಾತು ಸುಳ್ಳಲ್ಲ. ಆದರೆ ದೊಡ್ಡ ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಇರುವತನಕ ಅದು ವೈನಿಯದು. ಹೊರಗೆ ಬಂದರೆ ನನ್ನದು. ಒಂದೇ ಒಂದು ಸಲ ನನ್ನ ಹೆಸರಿನಲ್ಲಿ ಏನಾದರೂ ಊರು ದಾಟಲಿ ಎನ್ನುವ ಆಸೆ ನನಗೆ.

ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಹಾಗಾಗಿ ಮುಖ ಊದಿಸಿಕೊಂಡು ಓಡಾಡಿದೆ. ಆ ವಿದ್ಯೆಯಲ್ಲಿ ನಾನು ಮೊದಲಿಂದಲೂ ಪಳಗಿದವಳು.

ವೈನಿಗೆ ತಿಳಿಯದ್ದೇನಲ್ಲ. ಮರುದಿನ ಚುರಮುರಿ ಸೂಸಲಾ ತಿನ್ನುತ್ತ, "ಮಾಡೂಣು. ಆದ್ರ ಅದರಾಗ ಸಿಂದಗಿ ವಾಸನಿ ಸೈತ ಇರಬಾರದು. ಸಾಲು ಸಾಲು ನೋಡೂಣು" ಎಂದರು.

ಕೂತೆವು. ನಮ್ಮೂರ ಸಂತೆ ತೆಗೆದೆವು. ನಮ್ಮ ಮಾರ್ಕೆಟ್ಟಿನ ರಜೆಗಳನ್ನು ತೆಗೆದೆವು. ಅವರವರ ಊರಿನದನ್ನು ಅವರವರೇ ತುಂಬಿಕೊಳ್ಳುವ ಹಾಗೆ ಮಾಡಿದೆವು. ವೈನಿ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದರು, ಕೊನೆಗೆ ಫ್ಲಾಪಿಯ ಮೇಲೆ ನನ್ನ ಹೆಸರನ್ನು ಅವರೇ ಬರೆದರು.

ಅವತ್ತು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಫ್ಲಾಪಿ ಇಂಡಿಗೆ ಹೋಯಿತು. ಆಮೇಲೆ ಬಂದ ಮೊದಲ ಸೋಮವಾರವೇ ರಫೀಕ್ ಅವರ ಫೋನ್.

"ಮೇಡಂರಿ, ನಿಮ್ಮ ಲೈಬ್ರರಿ ಸೋಮವಾರ ಅಂದ್ರ ಒಲ್ಲೆ ಅಂತೈತಲ್ರಿ. ಎಲ್ಲಾ ರೈತರಿಗೂ ಮಂಗಳವಾರ ಬರ್ರಿ ಅಂತ ತಾರೀಖ ಕೊಟ್ಟೈತಿ. ಇಲ್ಲಿ ಲಾರಿ ಬಂದು ನಿಂತೈತಿ, ಲಿಂಬಿಹಣ್ಣ ಒಂದೂ ಬಂದಿಲ್ಲ."

ಕೋಡ್ ತೆಗೆದು ನೋಡಿದರೆ... ಇದೆ. ನಡುವೆ ಆರಾಮಾಗಿ ಕೂತಿದೆ. ಸೋಮವಾರ ಬಂದರೆ ಮುಂದಿನ ದಿನಕ್ಕೆ ಹೋಗು!

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತು ಹೂಡದಿದ್ದರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ಮಾಲು ಇಲ್ಲ. ಕೋಡ್ ಬರೆಯುವಾಗ ಯೋಚನೆ ಕೂಡ ಮಾಡದೆ ಆ ಸಾಲನ್ನು ಬರೆದಿದ್ದೆ.

ವೈನಿಯ ತವರು ಬಸವನ ಬಾಗೇವಾಡಿ. ಅವರೂ ಅದೇ ಸಾಲಿನ ಮೇಲೆ ಬೆರಳಿಟ್ಟು, ಓದಿ, ಮುಂದೆ ಹೋಗಿದ್ದರು. ಇದನ್ನೂ ತೆಗೆಯಬೇಕು ಎಂದು ನಮ್ಮಿಬ್ಬರಿಗೂ ಅನಿಸಲೇ ಇಲ್ಲ.

"ನಮ್ಮ ಮನ್ಯಾಗೂ ಸೋಮವಾರ ಎತ್ತು ಹೂಡಂಗಿಲ್ರಿ" ಎಂದು ಫೋನಿನಲ್ಲಿ ರಫೀಕ್ ನಗುತ್ತಿದ್ದಾರೆ. "ಆದ್ರ ಲಿಂಬಿಹಣ್ಣು ಟೆಂಪೋದಾಗ ಬರ್ತಾವ್ರಿ. ಟೆಂಪೋಕ್ಕ ಎಲ್ಲೀ ಸೋಮವಾರ?"

ಫೋನಿಟ್ಟು ವೈನಿಯ ಮುಂದೆ ಹೋಗಿ ನಿಂತೆ. "ವೈನಿ, ವಾಪಸ್ ತರಿಸಿಬಿಡೂಣ್ರಿ. ನೀವು ಹೇಳಿದ್ದ ಖರೆ. ಒಳಗ ಇರ್ಲಿ ಅದು" ಎಂದೆ.

ಈಗ ವೈನಿ ಉಲ್ಟಾ.

"ಯಾಕ? ಒಳಗ ಇದ್ದಿದ್ರ ಇದು ನಮಗ ಎಂದೂ ಗೊತ್ತಾಗ್ತಿದ್ದಿಲ್ಲ. ನಮ್ಮ ಅಡತಿಯವರಿಗೂ ಈಗ ಅರ್ಧ ಮಾಲು ಟ್ರ್ಯಾಕ್ಟರಿನ್ಯಾಗ ಬರ್ತೈತಿ. ಸೋಮವಾರ ಅಂತ ಅವರೂ ಸುಮ್ನ ಕುಂತಾರ, ನಾವೂ ಸುಮ್ನ ಕುಂತೇವಿ. ಬ್ಯಾರೇನ ಇರ್ಲಿ. ಮುಂಜಾನೆದ್ದು ಹೋಗಿ ಸರಿ ಮಾಡಿ ಬಾ."

ಮಾಲು ಬರುವುದು ಎತ್ತಿನ ಗಾಡಿಯಲ್ಲೋ ಮೋಟಾರು ಗಾಡಿಯಲ್ಲೋ ಎಂದು ಮೊದಲೇ ಕೇಳಿಕೊಳ್ಳುವ ಹಾಗೆ ಕೋಡ್ ತಿದ್ದಿದೆ. ಬೆಳಗಿನ ಬಸ್ಸಿಗೆ ಇಂಡಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಚಿಂತೆ... ಆ ವ್ಯಾಪಾರಿ ಏನನ್ನುತ್ತಾರೋ.

ಮಾಲು ತುಂಬಿಡುವ ಅವರ ವಖಾರಿಯ ತುಂಬ ಲಿಂಬೆಯ ವಾಸನೆ. ಸೋಮವಾರದ್ದೂ ಮಂಗಳವಾರದ್ದೂ ಕೂಡಿ ಹಣ್ಣು ಬಂದು ಬಿದ್ದಿತ್ತು, ಹಮಾಲರಿಗೆ ಕೈ ಬಿಡುವಿಲ್ಲ. ನಾನು ಒಳಗೆ ಕಾಲಿಟ್ಟದ್ದೇ ತಡ, ಗಾದಿಯ ಮೇಲಿಂದ ವ್ಯಾಪಾರಿ ಕೇಳಿದರು.

"ಲಾರಿಗೆ ಸೋಮವಾರ ಸೂಟಿ ಕೊಟ್ಟ ಸಿಂದಗಿ ಸವಿತಾಬಾಯಾರು ನೀವ ಏನ್ರಿ?"

ಹಮಾಲರೆಲ್ಲ ತಿರುಗಿ ನೋಡಿ ನಕ್ಕರು. ನಾಚಿಕೆ ಆಮೇಲೆ ಆಯಿತು; ಮೊದಲು ಆದದ್ದು ಆಶ್ಚರ್ಯ. ಇವರಿಗೆ ನನ್ನ ಹೆಸರು ಹೇಗೆ ಗೊತ್ತು?

ರಫೀಕ್ ಕಂಪ್ಯೂಟರ್ ಕಡೆ ಕೈ ತೋರಿಸಿದರು. ತಾರೀಖು ಬರುವ ಜಾಗದ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ "ಸವಿತಾ, ಸಿಂದಗಿ" ಎಂದಿತ್ತು.

"ನಿಮ್ಮ ಕೆಲಸಕ್ಕ ನಿಮ್ಮ ಹೆಸರ ಇರಬೇಕಲ್ರಿ" ಎಂದರು, ಅದೇನೂ ದೊಡ್ಡ ಮಾತಲ್ಲ ಎನ್ನುವ ಹಾಗೆ.

ಅಂದರೆ ಹಿಂದಿನ ದಿನವಿಡೀ ಆ ವಖಾರಿಯಲ್ಲಿ ವ್ಯಾಪಾರಿ, ಲಾರಿ ಡ್ರೈವರ್, ಹಮಾಲರು ಎಲ್ಲರೂ ಸೇರಿ ಬೈದದ್ದು ಗಿರಿಜಾ ಮೇಡಂ ನಾದಿನಿಯನ್ನಲ್ಲ. ಸವಿತಾಳನ್ನು.

ಬೈಸಿಕೊಂಡು ಅಷ್ಟೊಂದು ಖುಷಿಯಾದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ನಿಮ್ಮ ಕೆಲಸಕ್ಕೆ, ನಿಮ್ಮದೇ ಹೆಸರು ಹಿಡಿದು, ಮೊದಲ ಸಲ ಬೈದವರು ಯಾರು... ನೆನಪಿದೆಯಾ?