ಮಾದೇಶ ಆಬ್ಸೆಂಟ್, ಸಿಸ್ಟರ್!

ಟೀ ಅಂಗಡಿಯ ಬೆಂಚು ಹತ್ತಿ ಕಿರುಚುವ ಜಾತಿಯವಳಲ್ಲ ನಾನು. ಮೂರು ವಾರದ ಹಿಂದಿನವರೆಗೂ ಹಾಗೇ ಅಂದುಕೊಂಡಿದ್ದೆ.

ಗುಂಡ್ಲುಪೇಟೆ ಮಾರ್ಕೆಟ್ ಎದುರಿನ ಅಂಗಡಿ. ಸಂಜೆ ಆರೂವರೆ. ಚಾಮರಾಜನಗರಕ್ಕೆ ವಾಪಸ್ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು, ಒಂದು ಟೀ ಕುಡಿಯೋಣ ಅಂತ ಒಳಗೆ ಹೋದೆ. ಕಾಲಿಡಲು ಜಾಗವಿಲ್ಲ. ಈರುಳ್ಳಿ ಮಂಡಿಯವರು, ಲಾರಿ ಡ್ರೈವರುಗಳು, ಇಬ್ಬರು ಮಲಯಾಳಿ ಕ್ಲೀನರುಗಳು, ಎಲ್ಲರ ಕತ್ತೂ ಮೇಲಕ್ಕೆ. ಗೋಡೆಯ ಟಿವಿಯಲ್ಲಿ ವಾಲಿಬಾಲ್! (ಹೌದು, ಕ್ರಿಕೆಟ್ ಅಲ್ಲ. ನಾನೂ ಕಣ್ಣುಜ್ಜಿಕೊಂಡೆ.)

ದೇಶದ ಘಟಾನುಘಟಿಗಳೆಲ್ಲ ಆಡುವ ಪ್ರೊಫೆಷನಲ್ ಲೀಗು. ಕೊನೆಯ ಸೆಟ್ಟು. ಸ್ಕೋರು ಸಮ ಸಮ. ಸರ್ವ್ ಮಾಡಲು ಬಂದ ಉದ್ದನೆಯ ಆಸಾಮಿ ಚೆಂಡನ್ನು ನೆಲಕ್ಕೆ ಮೂರು ಸಲ ಕುಟ್ಟಿ, ಎಡಗೈಯಿಂದ ಕಿವಿ ಮುಟ್ಟಿಕೊಂಡ.

ಆ ಕಿವಿ ಮುಟ್ಟಿಕೊಳ್ಳುವುದನ್ನು ನಾನು ಎಲ್ಲೋ ನೋಡಿದ್ದೇನಲ್ಲ?

"ನಮ್ ಭೀಮನಬೀಡ್ ಐದ ಕಣ್ಲಾ! ಒಡೀಲಾ ಮಾದೇಸಾ!" ತಮ್ಮೂರ ಹುಡುಗನೆಂಬ ಹೆಮ್ಮೆಗೆ ಮಂಡಿಯವರೊಬ್ಬರು ಗಂಟಲು ಹರಿಯುವಂತೆ ಕೂಗಿದರು.

ಮಾದೇಶ ಹೊಡೆದ. ಎದುರಿನವರು ಕೈ ಎತ್ತುವಷ್ಟರಲ್ಲಿ ಚೆಂಡು ಗೆರೆಯ ಒಳಗೆ ಬಿದ್ದಾಗಿತ್ತು. ಮತ್ತೊಂದು ಸರ್ವ್. ಅದೂ ಹಾಗೇ. ಮ್ಯಾಚ್ ಮುಗಿಯಿತು! ನಾನು ಯಾವಾಗ ಬೆಂಚು ಹತ್ತಿದೆನೋ ನನಗೇ ಗೊತ್ತಿಲ್ಲ. "ಅವನು ನನ್ನ ಕ್ಲಾಸ್‌ಮೇಟು ಕಣ್ರೀ! ನನ್ನ ಕ್ಲಾಸ್‌ಮೇಟು!" ಅಂತ ಅರಚುತ್ತಿದ್ದೆ. ಗುರುತು ಪರಿಚಯವಿಲ್ಲದ ಡ್ರೈವರ್ ಒಬ್ಬರು ನನ್ನ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ಬಸ್ಸು ಹೋಗಿಬಿಟ್ಟಿತ್ತು.

ಖುಷಿಗೆ ಇನ್ನೊಂದು ಕಾರಣವೂ ಇತ್ತು. ಅವತ್ತು ನಾನು ಗುಂಡ್ಲುಪೇಟೆಗೆ ಬಂದಿದ್ದೇ ನಾವಿಬ್ಬರೂ ಓದಿದ ಕಾನ್ವೆಂಟ್ ಹೈಸ್ಕೂಲಿನ ಕೆಲಸಕ್ಕೆ. ಸ್ಕೂಲಿಗೆ ಜ್ಯೂಬಿಲಿ. ಪ್ರಾರ್ಥನೆ ಮಾಡುವ ಹಾಲಿನ ಗೋಡೆಗೆ 'ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು' ಎಂಬ ದೊಡ್ಡ ಬೋರ್ಡು ಬರೆಸಬೇಕು, ಪಟ್ಟಿ ಮಾಡುವ ಕೆಲಸ ನಿನ್ನದು ಅಂತ ಹೆಡ್‌ಮಿಸ್ ಸಿಸ್ಟರ್ ನನಗೆ ಅಂಟಿಸಿದ್ದರು.

ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಕೇಳಿದೆ ನೋಡಿ, ಸಂತೆಯಾಗಿಹೋಯಿತು. ಒಬ್ಬಳು ಭಾವಮೈದುನನ ಹೆಸರು ಕಳಿಸಿದಳು. (ಅವನು ನಮ್ಮಲ್ಲಿ ಓದಿದ್ದು ಐದು ತಿಂಗಳು.) ರೇಗಿತು. ನಾನೇ ಒಂದು ರೂಲ್ ಟೈಪ್ ಮಾಡಿದೆ: 'ನಮ್ಮ ಸ್ಕೂಲಿನಿಂದಲೇ ಎಸ್ಸೆಸ್ಸೆಲ್ಸಿ ಪಾಸಾದವರ ಹೆಸರು ಮಾತ್ರ.' ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಮೂವರು ಡಾಕ್ಟರು, ಇಬ್ಬರು ಲಾಯರು, ಒಬ್ಬ ಫಾದರು, ಬದನಗುಪ್ಪೆ ಫ್ಯಾಕ್ಟರಿಯ ದೊಡ್ಡ ಇಂಜಿನಿಯರು. 'ಕ್ರೀಡೆ' ಎಂಬ ಕಾಲಂ ಮಾತ್ರ ಖಾಲಿ. ಮಾದೇಶ ಎಲ್ಲೋ ಆಡುತ್ತಾನೆ ಅಂತ ಕೇಳಿದ್ದೆ, ಇಷ್ಟು ಎತ್ತರದಲ್ಲಿ ಅಂತ ಗೊತ್ತಿರಲಿಲ್ಲ. ಈಗ ಕಾಲಂ ತುಂಬಿತಲ್ಲ!

ಮಾರನೇ ಬೆಳಗ್ಗೆಯೇ ಸಿಸ್ಟರ್‌ಗೆ ಫೋನ್ ಮಾಡಿ ಕುಣಿದಾಡಿದೆ. ಅವರು ರಿಜಿಸ್ಟರ್ ನೋಡಿ ಹೇಳುತ್ತೇನೆ ಅಂದರು. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ನಿನ್ನ ರೂಲ್ ಪ್ರಕಾರ ಅವನು ಬರುವುದಿಲ್ಲ ಮಗಳೇ. ಹಾಜರಿ ಕಡಿಮೆ. ಪರೀಕ್ಷೆಗೇ ಕೂರಿಸಿಲ್ಲ."

ನೆನಪಾಯಿತು. ಮರುವರ್ಷ ಮಾದೇಶ ಚಾಮರಾಜನಗರದಲ್ಲಿ ಪ್ರೈವೇಟಾಗಿ ಪರೀಕ್ಷೆ ಕಟ್ಟಿ ಪಾಸು ಮಾಡಿದ್ದ. ಆದರೂ ನನಗೆ ಅನುಮಾನ. ಹಾಜರಿ ಕಡಿಮೆ ಹೇಗಾಗುತ್ತದೆ? ಹುಡುಗ ದಿನಾ ಎಲ್ಲರಿಗಿಂತ ಮೊದಲು ಬರುತ್ತಿದ್ದನಲ್ಲ! ಮತ್ತೆ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಬೀರುವಿನ ಅಡಿಯಿಂದ ನಮ್ಮ ಹತ್ತನೇ ಕ್ಲಾಸಿನ ಹಾಜರಿ ಪುಸ್ತಕ ಹೊರಗೆ ತೆಗೆಸಿದೆ.

ಮಾದೇಶನ ಸಾಲಿನಲ್ಲಿ A, A, A, A. ಗುಂಡಗೆ, ಚೆಂದಗೆ, ಗೆರೆ ದಾಟದಂತೆ. ಆ ಅಕ್ಷರ ಯಾರದು ಹೇಳಿ?

ನನ್ನದು!

ನಮ್ಮ ಕಾನ್ವೆಂಟಿನ ಪದ್ಧತಿ ಹಾಗಿತ್ತು. ಪ್ರಾರ್ಥನೆ ಮುಗಿದ ಮೇಲೆ ಮೊದಲ ಪೀರಿಯಡ್ಡಿನಲ್ಲಿ ಕ್ಲಾಸ್ ಲೀಡರೇ ಹಾಜರಿ ಕೂಗಬೇಕು, ಬರೆಯಬೇಕು. ಸಿಸ್ಟರ್ ಸಹಿ ಹಾಕುತ್ತಿದ್ದರು. ಎರಡು ಜಡೆಯ ಆ ಲೀಡರು ನಾನು. ಪೊಲೀಸಪ್ಪನಿಗೂ ಅಷ್ಟು ಜಂಬ ಇರಲಿಕ್ಕಿಲ್ಲ.

ಮಾದೇಶ ಭೀಮನಬೀಡಿನಿಂದ ಟೊಮೆಟೊ ಕ್ರೇಟ್ ಹೊತ್ತ ಟೆಂಪೋದಲ್ಲಿ ಏಳು ಗಂಟೆಗೇ ಬಂದಿಳಿಯುತ್ತಿದ್ದ. ಬ್ಯಾಗನ್ನು ನೆಟ್ಟಿನ ಕಂಬಕ್ಕೆ ನೇತುಹಾಕಿ ಆಟಕ್ಕೆ ನಿಂತರೆ ಮುಗಿಯಿತು. ಪಿ.ಟಿ. ಮಾಸ್ಟರು ವರ್ಗೀಸ್ ಸರ್, ವಯನಾಡಿನವರು. ವಾಲಿಬಾಲ್ ಅಂದರೆ ಊಟ ಬಿಡುವವರು. ಮೊದಲ ಪೀರಿಯಡ್ ಮುಗಿಯುವವರೆಗೂ ಅವನನ್ನು ಬಿಡುತ್ತಿರಲಿಲ್ಲ. ಕಿಟಕಿಯ ಹತ್ತಿರ ಬಂದು, "ಮೋಳೇ, ಮಾದೇಶ ಗ್ರೌಂಡಲ್ಲಿ ಉಂಟು, ಪ್ರೆಸೆಂಟ್ ಹಾಕು" ಅನ್ನುತ್ತಿದ್ದರು. (ಮೋಳೇ ಅಂದರೆ ಮಗಳೇ.)

ನಾನು ಹಾಕುತ್ತೇನಾ? ಬೆಂಚಿನಲ್ಲಿ ಇಲ್ಲದವನು ಇಲ್ಲ. ಅಷ್ಟೇ! "ಮಾದೇಶ ಆಬ್ಸೆಂಟ್, ಸಿಸ್ಟರ್!" ಅಂತ ರಾಗವಾಗಿ ಕೂಗುತ್ತಿದ್ದೆ. ಕೂಗುವಾಗ ಕಿಟಕಿಯಾಚೆ ಅವನು ಎಗರಿ ಎಗರಿ ಸ್ಮ್ಯಾಶ್ ಹೊಡೆಯುವುದು ಕಾಣುತ್ತಿತ್ತು. ಅದನ್ನು ನೋಡುತ್ತಲೇ A ಬರೆಯುತ್ತಿದ್ದೆ! ಆ ವರ್ಷ 'ಬೆಸ್ಟ್ ಲೀಡರ್' ಬಹುಮಾನ ಬೇರೆ ಬಂತು ನನಗೆ. ಸ್ಟೀಲ್ ಟಿಫನ್ ಬಾಕ್ಸು. ಈಗ ಅದನ್ನು ನೋಡಿದರೆ ನಾಚಿಕೆಯಾಗುತ್ತದೆ.

ಹೇಗೋ ನಂಬರ್ ಹುಡುಕಿ ಮಾದೇಶನಿಗೆ ಫೋನ್ ಮಾಡಿದೆ. ತಪ್ಪೊಪ್ಪಿಕೊಂಡೆ. ಆ ಕಡೆ ಜೋರು ನಗು.

"ಬುಡಮ್ಮಿ ಲೀಡರಮ್ಮ, ನಂಗ್ ಆಗ್ಲೇ ಗೊತ್ತಿತ್ತು. ನಿಂಗೂ ಒಂದು ಆಟ ಬೇಕಲ್ಲ ಅಂತ ಸುಮ್ಕಿದ್ದೆ."

ಬೋರ್ಡಿನ ವಿಷಯ ಹೇಳಿದೆ. ನಗು ನಿಂತಿತು.

"ನಂಗೇನೂ ಬ್ಯಾಡ ಕಣಮ್ಮಿ. ಅವ್ವುಂಗೋಸ್ಕರ ಆದ್ರೆ ಬರ್ಸು. ಆಜ್ರಿ ಕಮ್ಮಿ ಅಂತ ಕಾಗ್ದ ಬಂದಾಗ ಊರೋರೆಲ್ಲ, ನಿನ್ ಮಗ ಇಸ್ಕೂಲು ಅಂತ ಓಗಿ ಪ್ಯಾಟೇಲಿ ಅಲೀತಾವ್ನೆ ಅಂದ್ರು. ಅವ್ವ ಒಬ್ಳೇ ಒಪ್ನಿಲ್ಲ. ಇವತ್ಗೂ ಅದ್ನೇ ಏಳ್ತಾಳೆ."

ಫೋನಿಟ್ಟು ಕ್ಯಾಲೆಂಡರ್ ನೋಡಿದೆ. ಬೋರ್ಡು ಬರೆಯುವವರು ಶುಕ್ರವಾರ ಬರುವವರಿದ್ದರು. ಅವತ್ತು ಬುಧವಾರ.

ಗ್ರೂಪಿನಲ್ಲಿ ಮಾತೆತ್ತಿದೆ. ಲಾಯರ್ ಗೆಳೆಯ ತಕ್ಷಣ ಎದ್ದು ನಿಂತ. "ರೂಲ್ ಮಾಡಿದವಳೇ ಮುರಿದರೆ ಹೇಗೆ? ನಾಳೆ ಎಲ್ಲರೂ ಕೇಳುತ್ತಾರೆ." ಭಾವಮೈದುನನ ಹೆಸರು ಕಳಿಸಿದ್ದ ಗೆಳತಿಯೂ ಹಳೇ ಸೇಡು ತೀರಿಸಿಕೊಂಡಳು. ಗುರುವಾರ ಮಧ್ಯಾಹ್ನದವರೆಗೆ ಕಿತ್ತಾಟ. ಕೊನೆಗೆ ಹಾಜರಿ ಪುಸ್ತಕದ ಆ ಪುಟದ ಫೋಟೊ ಹಾಕಿ ಕೆಳಗೆ ಬರೆದೆ: 'ಈ ಅಕ್ಷರ ನನ್ನದು. ಇಷ್ಟೂ ದಿನ ಹುಡುಗ ಗ್ರೌಂಡಿನಲ್ಲಿದ್ದ. ನೀವೆಲ್ಲ ಕಿಟಕಿಯಿಂದ ನೋಡಿದ್ದೀರಿ. ನೋಡಿಲ್ಲ ಅನ್ನುವವರು ಹೇಳಿ.'

ಮೊದಲ ಹೆಬ್ಬೆಟ್ಟು ಲಾಯರನದೇ! ಆಮೇಲೆ ಸಾಲು ಸಾಲು. ಸಿಸ್ಟರ್ ಒಂದೇ ಸಾಲು ಕಳಿಸಿದರು: "ಆ ಪುಸ್ತಕಕ್ಕೆ ಸಹಿ ಹಾಕಿದ್ದು ನಮ್ಮ ಸಿಸ್ಟರ್‌ಗಳೇ. ಹೆಸರು ಬರೆಸಿ."

ಕಳೆದ ಭಾನುವಾರ ಸಮಾರಂಭ. ವರ್ಗೀಸ್ ಸರ್ ವಯನಾಡಿನಿಂದ ಬಂದಿದ್ದರು, ತಲೆ ಪೂರ್ತಿ ನರೆತಿದೆ, ಸೀಟಿ ಮಾತ್ರ ಕೊರಳಲ್ಲೇ ಇದೆ. ಮಾದೇಶನಿಗೆ ಮ್ಯಾಚ್ ಇತ್ತು, ಬರಲಿಲ್ಲ. (ಮತ್ತೆ ಆಬ್ಸೆಂಟ್!) ಅವನ ಅವ್ವ ಬಂದಿದ್ದರು. ಜೊತೆಗೆ ಭೀಮನಬೀಡಿನ ಒಂದು ಟೆಂಪೋ ಜನ!

ಪರದೆ ಸರಿಯಿತು. ಚಪ್ಪಾಳೆಯೋ ಚಪ್ಪಾಳೆ. ಅವ್ವ ಬೋರ್ಡಿನ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದರು. ಅವರಿಗೆ ಓದಲು ಬರುವುದಿಲ್ಲ.

"ಯಾವ್ದವ್ವ ನನ್ ಮಗಂದು?"

ಅವರ ಬೆರಳು ಹಿಡಿದು ಹೆಸರಿನ ಮೇಲಿಟ್ಟೆ. ಅವರು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನಿಧಾನವಾಗಿ ಬೆರಳು ಎಳೆದರು. ಆಮೇಲೆ ಊರಿನವರ ಕಡೆ ತಿರುಗಿ, ಇಡೀ ಹಾಲಿಗೆ ಕೇಳುವಂತೆ ಹೇಳಿದರು.

"ನಾ ಆವತ್ತೇ ಏಳ್ನಿಲ್ವಾ? ನನ್ ಮಗ ದಿನಾ ಇಸ್ಕೂಲ್ಗೆ ಓಗ್ತಿದ್ದ ಅಂತ!"

ವರ್ಗೀಸ್ ಸರ್ ಸೀಟಿ ಊದಿಬಿಟ್ಟರು. ಟೆಂಪೋ ಜನವೆಲ್ಲ ಶಿಳ್ಳೆ ಹಾಕಿದರು. ನಾನು ಅಳುತ್ತಾ ನಗುತ್ತಿದ್ದೆ, ಸಿಸ್ಟರ್ ಕರ್ಚೀಫು ಕೊಟ್ಟರು.

ನಿಮಗೊಂದು ಪ್ರಶ್ನೆ ಕೇಳಲಾ? ನಿಮ್ಮ ಮಕ್ಕಳ ಸ್ಕೂಲಿನಲ್ಲಿ ಹಾಜರಿ ಪುಸ್ತಕ ಗ್ರೌಂಡಿನವರೆಗೂ ಹೋಗಿಬರುತ್ತದಾ?