ಆಡಿನ ಕಾಲಿನ ಪಾಠ

ನಮ್ಮ ಆಫೀಸಿನ ಹಿಂದಿನ ಹೋಟೆಲಿನಲ್ಲಿ ಬೆಳಗಾದರೆ ಪಾಯಾ ಕುದಿಯುತ್ತದೆ. ಆಡಿನ ಕಾಲು ಕರಗುವ ಆ ಜಿಗುಟು ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಬಯಾಲಜಿ ಮಾಸ್ತರು ನೆನಪಾಗುತ್ತಾರೆ...

ತೆಲುಗು ಸೀಮೆಯ ಲಿಂಗಂಪಲ್ಲಿಯ ನಮ್ಮ ಇಂಟರ್ ಕಾಲೇಜಿನಲ್ಲಿ ಕನ್ನಡದವರೆಂದರೆ ಮಾಸ್ತರು, ನಾನು ಇಬ್ಬರೇ. ಅವರು ರಾಯಚೂರು ಕಡೆಯವರು, ಮೊಟ್ಟೆಯನ್ನೂ ಮುಟ್ಟದವರು. ಆದರೂ ಕಸಾಯಿ ಅಂಗಡಿಯಿಂದ ಆಡಿನ ಕಾಲು ತಂದು ಕೊಯ್ದು, ಒಳಗಿನ ಬಿಳಿ ಹುರಿ ಎಳೆಯುತ್ತಿದ್ದರು. ಸತ್ತ ಗೊರಸು ಪಟ್ಟನೆ ಮಡಚಿಕೊಳ್ಳುತ್ತಿತ್ತು. ಹುಡುಗಿಯರು ಚೀರುತ್ತಿದ್ದರು, ನಾನು ಆಡಿನಂತೆ ಒದರುತ್ತಿದ್ದೆ.

ಮಾಸ್ತರು ಬಿದಿರಿನಷ್ಟು ಉದ್ದ, ಕೀಲೆಲ್ಲ ಸಡಿಲ. ಅವರ ತೂಗಾಡುವ ನಡಿಗೆಯನ್ನು ನಾನು ವರಾಂಡದಲ್ಲಿ ಮಾಡಿ ತೋರಿಸುವಾಗ ಒಮ್ಮೆ ಹಿಂದೆಯೇ ನಿಂತಿದ್ದರು.

"ಮೊಣಕಾಲು ಇನ್ನಷ್ಟು ಸಡಿಲ ಬಿಡೋ. ಪೊಲೀಸನಂಗ ಕಾಣಾಕತ್ತಿ."

"ಆಗವಲ್ದು ಸರ್, ಭಾಳ ಬಿಗಿ ಐತಿ."

"ಬಿಗಿ ಇರೋದ ಛಲೋ. ಮೈಯೊಳಗ ಎಲ್ಲಾ ಹಿಡಿದಿಟ್ಟಿರೋದು ಆ ಬಿಳಿ ಎಳಿನ. ಕಾಲಾಗ ಎಲುಬು ಎಳೀತೈತಿ. ಎದಿಯಾಗಿನ ದೊಡ್ಡ ರಕ್ತನಾಳದಾಗ ಬಡಿತಕ್ಕೊಮ್ಮೆ ಹಿಗ್ಗಿ, ಮತ್ತ ಮೊದಲಿನಂಗ ಆಗತೈತಿ. ನಂದು ಹಿಗ್ಗೇತಿ, ಹೊಳ್ಳಿ ಬರವಲ್ದು."

ನಕ್ಕರು. ನಾನೂ ನಕ್ಕೆ. ಆಪರೇಷನ್ ತಡಮಾಡಬೇಡಿ ಎಂದು ಡಾಕ್ಟರು ಹೇಳಿದ್ದು ಆಮೇಲೆ ತಿಳಿಯಿತು.

ಆಗ ಊರಿಗೆ ಊರೇ ಕಂಪ್ಯೂಟರಿನ ಹಿಂದೆ ಬಿದ್ದಿತ್ತು. ಬಯಾಲಜಿಗೆ ಉಳಿದವರು ಒಂದು ಆಟೋದಲ್ಲಿ ಹಿಡಿಸುವಷ್ಟು ಜನ. ರಿಸಲ್ಟ್ ಚೆನ್ನಾಗಿ ಬಂದರೆ ಬಯಾಲಜಿ ಗ್ರೂಪ್ ಉಳಿಸುತ್ತೇನೆ ಎಂದಿದ್ದರು ಪ್ರಿನ್ಸಿಪಾಲರು. ಮಾಸ್ತರು ಆಪರೇಷನ್ನನ್ನು ಪರೀಕ್ಷೆಯ ಆಚೆಗೆ ತಳ್ಳಿದರು.

"ಈಗ ನಾ ರಜಾ ಹಾಕಿದ್ರ, ಬರೋದ್ರಾಗ ಬಾಗಿಲಾ ಮುಚ್ಚಿರತಾರ," ಅಂದರು.

ಎಲ್ಲರೂ ಪಾಸಾದೆವು. ನಾನೂ ಪಾಸಾದೆ, ನಮ್ಮಪ್ಪ ಇನ್ನೂ ನಂಬಿಲ್ಲ. ಪ್ರಿನ್ಸಿಪಾಲರು ಮಾಸ್ತರಿಗೆ ಶಾಲು ಹೊದಿಸಿದರು, ಚಪ್ಪಾಳೆ ಹೊಡೆಸಿದರು, ಗ್ರೂಪ್ ಮುಚ್ಚಿದರು. ಲ್ಯಾಬಿನಲ್ಲಿ ಕಂಪ್ಯೂಟರು ಬಂದು ಕೂತವು. ಆಸ್ಪತ್ರೆಗೆ ಸೇರುವ ಮೊದಲೇ, ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಮಾಸ್ತರ ಎದೆಯ ಆ ನಾಳ ಒಡೆಯಿತು...

ಈಗ ನಾನು ಕಾಲ್ ಸೆಂಟರಿನಲ್ಲಿ ಅಮೆರಿಕದವರ ದನಿ ತೆಗೆದು ಹೊಟ್ಟೆ ಹೊರೆಯುತ್ತೇನೆ. ಕ್ಲಾಸಿನಲ್ಲಿ ಏಟು ತಿನ್ನಿಸಿದ ವಿದ್ಯೆಗೇ ಸಂಬಳ. ಮೊನ್ನೆ ಕಾಲೇಜಿನ ಮುಂದೆ ಹಾದೆ. ಈಗ ಅಲ್ಲಿ ಮೆಡಿಕಲ್ ಕೋಚಿಂಗ್ ಶುರುವಾಗಿದೆ, ಪ್ರಿನ್ಸಿಪಾಲರು ಅವರೇ. ಬಯಾಲಜಿ ಮಾಸ್ತರು ಬೇಕಾಗಿದ್ದಾರೆ ಎಂದು ಗೇಟಿಗೆ ಬೋರ್ಡು ತೂಗುಹಾಕಿದ್ದಾರೆ.

ನಮ್ಮ ಮಾಸ್ತರು ಬದುಕಿದ್ದಿದ್ದರೆ ಎಲ್ಲ ಮರೆತು, ಇಸ್ತ್ರಿ ಅಂಗಿ ಹಾಕಿಕೊಂಡು ಒಳಗೆ ಹೋಗಿ ಆ ಕೆಲಸ ಕೇಳುತ್ತಿದ್ದರು. ಅಂಥ ಮನುಷ್ಯ. ಪ್ರಿನ್ಸಿಪಾಲರ ಮೇಲಿನ ಸಿಟ್ಟು ಎಂದಾದರೂ ಇಳಿದೀತು. ಮಾಸ್ತರು ಹಾಗೆ ಒಳಗೆ ಹೋಗಿಬಿಡುತ್ತಿದ್ದರಲ್ಲ, ಆ ಸಿಟ್ಟು ಇಳಿಯುವುದಿಲ್ಲ.