ಹೋಗ್ತೇನಿ ಅನ್ನಬಾರದು

ಅದು ತೊಂಬತ್ತರ ದಶಕ. ಆಗ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರ ಮನೆಯಿಂದ ಹೊರಟರೂ ‘ಹೋಗ್ತೇನಿ’ ಅನ್ನುವಂತಿರಲಿಲ್ಲ, ‘ಬರ್ತೇನಿ’ ಅನ್ನಬೇಕು. ತಪ್ಪಿದರೆ ಅವ್ವ ಹೊಸ್ತಿಲಿಂದ ವಾಪಸ್ ಕರೆದು ಮತ್ತೆ ಹೇಳಿಸುತ್ತಿದ್ದಳು.

ಈ ಕಾಯ್ದೆ ಕಷ್ಟವಾದದ್ದು ನನ್ನ ಗೆಳೆಯ ಬಸುನಿಗೆ. ಎಂಟನೆಯ ತರಗತಿಗೆಂದು ಶಿರಗುಪ್ಪಿಯಿಂದ ಬಂದು, ತಾರಿಹಾಳದ ಕಾರ್ಖಾನೆಗೆ ಹೋಗುತ್ತಿದ್ದ ಕಾಕಾನ ಮನೆಯಲ್ಲಿದ್ದ. ‘ಬ’ ಬಂದರೆ ಅವನ ನಾಲಗೆ ತಡವರಿಸುತ್ತಿತ್ತು. ಹೆಸರೇ ಬಸವರಾಜ. ಮಾಸ್ತರರು ಹೆಸರು ಕೇಳಿದ ಮೊದಲ ದಿನವೇ ಹಿಂದಿನ ಬೆಂಚಿನ ವಿಜ್ಯಾ ಕೂಗಿದ, “ಬಸ್ ಚಾಲೂ ಆಗವಲ್ದು, ನೂಕ್ರಲೇ.” ಮಾಸ್ತರರೂ ನಕ್ಕರು. ಅಂದಿನಿಂದ ಬಸು ಬಾಯಿ ತೆರೆದರೆ ಸಾಕು, ಬಸ್ ನೂಕುವಂತೆ ಬೆನ್ನ ಮೇಲೆ ಕೈಗಳು ಬೀಳುತ್ತಿದ್ದವು. ನಾನು ನನ್ನ ದಪ್ಪ ಕನ್ನಡಕ ಯಾರ ಕಣ್ಣಿಗೂ ಬೀಳದಿರಲೆಂದು ತಲೆ ತಗ್ಗಿಸಿ ಕೂರುತ್ತಿದ್ದೆ. ಚಿಂತೆ ಮಾಡುವುದರಲ್ಲಿ ಆಗಲೇ ಪಳಗಿದ್ದೆ.

ಸಂಜೆ ಅವನು ನಮ್ಮಲ್ಲಿಗೆ ಓದಲು ಬರುತ್ತಿದ್ದ. ಓದಿಗಿಂತ ಗೋಲಿಯಾಟವೇ ಹೆಚ್ಚು. ಅವ್ವ ಚುರುಮುರಿ ಹಾಕಿ ಗಿರ್ಮಿಟ್ ಕಲಸಿದರೆ ಹಸಿ ಉಳ್ಳಾಗಡ್ಡಿಯ ವಾಸನೆ ಅಂಗಳದವರೆಗೂ ಬರುತ್ತಿತ್ತು. ಹೊರಡುವಾಗ ಅವನು “ಬ... ಬ... ಬರ್ತೇನ್ರಿ” ಅನ್ನುವವರೆಗೆ ಅವ್ವ ಕಾಯುತ್ತಿದ್ದಳು.

“ಅವಸರ ಬ್ಯಾಡೋ ತಮ್ಮಾ, ಮಾತು ಎಲ್ಲಿ ಓಡಿ ಹೊಕ್ಕೈತಿ.”

ದೀಪಾವಳಿ ರಜೆ ಮುಗಿದ ವಾರ ಒಂದು ಸಂಜೆ ಅವನು ಗಿರ್ಮಿಟ್ ಮುಟ್ಟಲಿಲ್ಲ. ತನ್ನ ಹಸಿರು ಗೋಲಿ ನನ್ನ ಕೈಗಿಟ್ಟ. “ನಿನಗ ಇರ್ಲಿ.” ನಾನು ಖುಷಿಯಿಂದ ಕಿಸೆಗೆ ಹಾಕಿಕೊಂಡೆ. ಹೊಸ್ತಿಲಲ್ಲಿ ನಿಂತು, “ಹೋಗ್ತೇನ್ರಿ ಅವ್ವಾರ” ಅಂದ. ಒಂದೇ ಉಸಿರಿಗೆ.

ಅವ್ವನ ಮುಖ ಅರಳಿತು. “ಕೇಳಿದೇನ? ಎಲ್ಲೂ ತಡೀಲಿಲ್ಲ. ಎಷ್ಟ್ ಛಂದ ಅಂದ ನೋಡು.”

ಏನು ಅಂದ ಎಂಬುದು ನಮ್ಮಿಬ್ಬರಿಗೂ ಕೇಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾನ ಮನೆ ಮುಂದೆ ಜನ ಸೇರಿದ್ದರು. ಬಸು ತನ್ನ ಜೀವ ತಾನೇ ಕಳೆದುಕೊಂಡಿದ್ದ. “ಹುಡುಗ್ರು ಚಾಷ್ಟಿ ಮಾಡ್ತಾವ. ಅದಕ್ಕ್ಯಾರರ ಹಿಂಗ ಮಾಡ್ಕೋತಾರೇನು?” ಎಂದಿತು ಓಣಿ. ವಿಜ್ಯಾ ಮೂಲೆಯಲ್ಲಿ ನಿಂತು ಅಳುತ್ತಿದ್ದ. ಅವ್ವ ಮತ್ತೆಂದೂ ಯಾರನ್ನೂ ಹೊಸ್ತಿಲಿಂದ ವಾಪಸ್ ಕರೆಯಲಿಲ್ಲ.

ಈಗ ದೇಶಪಾಂಡೆ ನಗರದ ನಮ್ಮ ಫ್ಲ್ಯಾಟಿಗೆ ಹೊಸ್ತಿಲೇ ಇಲ್ಲ. ಮಗಳು ‘ಬಾಯ್’ ಎಂದು ಲಿಫ್ಟಿನತ್ತ ನಡೆದರೆ ನಾನು ಬರಿಗಾಲಲ್ಲಿ ಹಿಂದೆ ಓಡುತ್ತೇನೆ.

“ಬರ್ತೇನಿ. ಸಾಕಾ ಅಪ್ಪಾ?”

ಸಾಕಾಗುವುದಿಲ್ಲ. “ಸಾಲ್ಯಾಗ ಯಾರರ ನಿನಗ ಏನರ ಅಂತಾರೇನವಾ?”

“ಇಲ್ಲಪಾ. ಕಾಡಾಂವ ನೀ ಒಬ್ಬನ.”

ಇದೇ ಪ್ರಶ್ನೆಯನ್ನು ಬಸುನಿಗೆ ಕೇಳಿದ್ದರೆ, ಉತ್ತರ ಹೇಳಿ ಮುಗಿಸಲು ಅವನಿಗೆ ಬಹಳ ಹೊತ್ತು ಬೇಕಾಗುತ್ತಿತ್ತು. ಆಗ ನಮ್ಮ ಬಳಿ ಹೊತ್ತು ಬೇಕಾದಷ್ಟಿತ್ತು.